ಮಳೆಯೂರಿನಲ್ಲಿ ಅಂಜೂರ: ಮೊದಲ ಸಲ ಬೆಳೆಸುವವರಿಗೆ

ಮಂಗಳೂರು, ಉಡುಪಿ ಕಡೆ ಅಂಜೂರ ಆಗುವುದಿಲ್ಲ ಅಂತ ಹೇಳುವವರು ತುಂಬ ಜನ. ಗಿಡ ಚೆನ್ನಾಗಿಯೇ ಆಗುತ್ತದೆ, ಹಣ್ಣೂ ಬಿಡುತ್ತದೆ. ಆದರೆ ಹಿತ್ತಿಲಲ್ಲಿ ಒಂದು ಹೊಂಡ ತೋಡಿ, ಪೇರಳೆ ಗಿಡ ನೆಟ್ಟ ಹಾಗೆ ನೆಟ್ಟು ಬಿಟ್ಟರೆ ಆಗುವುದಿಲ್ಲ. ನಮ್ಮಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ. ಅದರಲ್ಲಿ ಮುಕ್ಕಾಲಕ್ಕಿಂತ ಜಾಸ್ತಿ ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಹೋಗುತ್ತದೆ. ಅಂಜೂರ ಒಣ ಸೀಮೆಯ ಗಿಡ. ನಮ್ಮ ರಾಜ್ಯದಲ್ಲಿ ಬಳ್ಳಾರಿ, ಚಿತ್ರದುರ್ಗ ಅದಕ್ಕೆ ಹೇಳಿ ಮಾಡಿಸಿದ ಜಾಗ. ಪುಣೆ ಹತ್ತಿರದ ಪುರಂದರ ತಾಲ್ಲೂಕಿನ ಅಂಜೂರಕ್ಕೆ ಜಿಐ (ಭೌಗೋಳಿಕ ಸೂಚಕ) ಗುರುತು ಕೂಡ ಸಿಕ್ಕಿದೆ. ಇವೆಲ್ಲ ಕಡಿಮೆ ಮಳೆಯ ಊರುಗಳು.

ಹಾಗಾದರೆ ನಾವೇಕೆ ಬೆಳೆಸಬೇಕು? ಅಂಗಡಿಯಲ್ಲಿ ಸಿಗುತ್ತಲ್ಲ? ಸಿಗುತ್ತದೆ, ಆದರೆ ಅದು ಪೂರ್ತಿ ಹಣ್ಣಾದ ಅಂಜೂರ ಅಲ್ಲ. ಗಿಡದಲ್ಲೇ ಮಾಗಿದ ಅಂಜೂರ ಎರಡು ಮೂರು ದಿನಕ್ಕಿಂತ ಹೆಚ್ಚು ನಿಲ್ಲುವುದಿಲ್ಲ, ಲಾರಿಯಲ್ಲಿ ಘಾಟಿ ಇಳಿದು ಬರುವುದಂತೂ ದೂರದ ಮಾತು. ಅದಕ್ಕೇ ಗಟ್ಟಿ ಇರುವಾಗಲೇ ಕೊಯ್ದು ಕಳಿಸುತ್ತಾರೆ. ಬಾಳೆ, ಮಾವಿನಂತೆ ಕೊಯ್ದ ಮೇಲೆ ಸಿಹಿಯಾಗುವ ಹಣ್ಣು ಇದಲ್ಲ. ಮಾಗಿದ ಅಂಜೂರದ ನಿಜವಾದ ರುಚಿ ಬೇಕಿದ್ದರೆ ಗಿಡ ಮನೆಯಲ್ಲೇ ಇರಬೇಕು.

ಮಳೆಯೇ ನಮ್ಮ ಚಳಿಗಾಲ

ಅಂಜೂರವನ್ನು ಅದಕ್ಕೆ ಒಗ್ಗದ ಹವೆಯಲ್ಲಿ ಬೆಳೆಸುವವರು ನಾವು ಮಾತ್ರ ಅಲ್ಲ. ಕೆನಡಾ, ಇಂಗ್ಲೆಂಡ್, ಜರ್ಮನಿಯಂಥ ಚಳಿ ದೇಶಗಳಲ್ಲೂ ಮನೆಯಲ್ಲಿ ಬೆಳೆಸುವವರಿದ್ದಾರೆ. ಅಲ್ಲಿ ಹಿಮ ಬೀಳುವ ಮೊದಲು ಗಿಡವನ್ನು ಕುಂಡದ ಸಮೇತ ಶೆಡ್ಡಿಗೋ ಗ್ಯಾರೇಜಿಗೋ ತಂದಿಡುತ್ತಾರೆ. ಎಲೆ ಉದುರಿಸಿಕೊಂಡು ಗಿಡ ಮಲಗುತ್ತದೆ. ಚಳಿ ಹೋದ ಮೇಲೆ ಹೊರಗೆ ತರುತ್ತಾರೆ, ಚಿಗುರುತ್ತದೆ, ಕಾಯಿ ಬಿಡುತ್ತದೆ.

ನಾವು ಮಾಡಬೇಕಾದದ್ದೂ ಅಷ್ಟೇ, ತಿಂಗಳು ಮಾತ್ರ ಬೇರೆ. ಅವರು ಚಳಿಗಾಲದಲ್ಲಿ ಗಿಡವನ್ನು ಒಳಗಿಡುತ್ತಾರೆ, ನಾವು ಚಟ್ಟಿಯಲ್ಲಿ (ಕುಂಡದಲ್ಲಿ) ಬೆಳೆಸಿ ಮಳೆಗಾಲದಲ್ಲಿ ಮಾಡಿನಡಿ ಇಡಬೇಕು. ಮೇ ಕೊನೆಗೆ ಬರುವ ಪತ್ತನಾಜೆಯಿಂದ ಅಕ್ಟೋಬರ್‌ವರೆಗೆ ವಿಶ್ರಾಂತಿ. ಅಕ್ಟೋಬರ್ ಮಧ್ಯದಲ್ಲಿ ಸವರುವುದು, ಅಂದರೆ ಗೆಲ್ಲು (ಕೊಂಬೆ) ಕತ್ತರಿಸುವುದು. ಫೆಬ್ರವರಿ ಕೊನೆಯಿಂದ ಮೇ ಮಧ್ಯದವರೆಗೆ ಹಣ್ಣು. ಈ ಲೆಕ್ಕ ಮನಸ್ಸಿನಲ್ಲಿ ಕೂತರೆ ಉಳಿದದ್ದೆಲ್ಲ ಸಣ್ಣ ಪುಟ್ಟ ಕೆಲಸ.

ಪುಣೆ ಕಡೆಯ ಬೆಳೆಗಾರರೂ ಮಳೆಗಾಲದ ಬೆಳೆಗೆ 'ಖಟ್ಟಾ ಬಹಾರ್' ಎಂದೂ ಬೇಸಿಗೆಯ ಬೆಳೆಗೆ 'ಮೀಠಾ ಬಹಾರ್' ಎಂದೂ ಹೆಸರಿಟ್ಟಿದ್ದಾರೆ. ನಮಗಿಂತ ಎಷ್ಟೋ ಕಡಿಮೆ ಮಳೆ ಬೀಳುವ ಆ ಊರಿನಲ್ಲೇ ಮಳೆಗಾಲದ ಹಣ್ಣು ಹುಳಿ, ಸಪ್ಪೆ. ಇನ್ನು ನಮ್ಮ ಜುಲೈಯಲ್ಲಿ ಹಣ್ಣು ಬಿಡಿಸುವ ಆಸೆಯನ್ನು ಬಿಟ್ಟುಬಿಡುವುದೇ ಒಳ್ಳೆಯದು.

ಒಂದು ವಿಷಯ ಮಾತ್ರ ಚಳಿ ದೇಶದವರಿಗಿಂತ ನಮಗೆ ಕಷ್ಟ. ಅಲ್ಲಿ ಚಳಿಯೇ ಗಿಡವನ್ನು ಮಲಗಿಸುತ್ತದೆ. ಇಲ್ಲಿ ಡಿಸೆಂಬರ್, ಜನವರಿಯ ರಾತ್ರಿಯಲ್ಲೂ 20 ಡಿಗ್ರಿ ಆಸುಪಾಸು ಇರುತ್ತದೆ. ಗಿಡ ತಾನಾಗಿ ಮಲಗುವುದಿಲ್ಲ. ನೀರು ಕಡಿಮೆ ಮಾಡಿ, ಗೆಲ್ಲು ಸವರಿ, ಎಲೆ ತೆಗೆದು ನಾವೇ ಅದಕ್ಕೆ ವಿಶ್ರಾಂತಿ ಕೊಡಬೇಕು. ಅಂಜೂರಕ್ಕೆ ಸೇಬಿನಂತೆ ಚಳಿ ಬೇಕೇ ಬೇಕು ಅಂತೇನಿಲ್ಲ, ಹಾಗಾಗಿ ಈ ಉಪಾಯ ಸಾಕಾಗುತ್ತದೆ.

ಯಾವ ಗಿಡ ತರಬೇಕು

ಮೊದಲ ಸಲಕ್ಕೆ ಪೂನಾ ಅಂಜೂರ ಅಥವಾ ಬ್ರೌನ್ ಟರ್ಕಿ ತನ್ನಿ. ಎರಡೂ ನರ್ಸರಿಗಳಲ್ಲಿ ಸಿಗುತ್ತವೆ, ಎರಡೂ ಚಟ್ಟಿಯಲ್ಲಿ ಹೊಂದಿಕೊಳ್ಳುತ್ತವೆ. ದಯಾನಾ ಎಂಬ ಹಸಿರು-ಹಳದಿ ಹಣ್ಣಿನ ಜಾತಿಯೂ ಇದೆ, ಹಣ್ಣು ದೊಡ್ಡದು. ಆದರೆ ಶುರುವಿಗೆ ಮೊದಲ ಎರಡೇ ಸಾಕು ಅನ್ನುವುದು ನನ್ನ ಅಭಿಪ್ರಾಯ.

"ಅತ್ತಿ ಹಣ್ಣಿನ ಹಾಗೆ ಇದರೊಳಗೂ ಹುಳ ಇರುತ್ತದಾ?" ಎಂದು ಎಲ್ಲರೂ ಕೇಳುತ್ತಾರೆ. ಕೇಳುವುದು ಸರಿಯೇ. ಅತ್ತಿ, ಆಲ, ಅರಳಿ, ಅಂಜೂರ ಎಲ್ಲ ಒಂದೇ ಬಳಗ. ನಾವು ಹಣ್ಣು ಅನ್ನುವುದು ನಿಜವಾಗಿ ಒಂದು ಚೀಲ, ಅದರೊಳಗೆ ನೂರಾರು ಸಣ್ಣ ಹೂಗಳಿರುತ್ತವೆ. ಅಂಜೂರದ ಕೆಲವು ಜಾತಿಗಳಿಗೆ ಸಣ್ಣದೊಂದು ಕಣಜ ಒಳಗೆ ಹೊಕ್ಕು ಪರಾಗ ತರಲೇಬೇಕು. ಟರ್ಕಿಯ ಸ್ಮಿರ್ನಾ ಗುಂಪಿನವು ಹಾಗೆ. ಆ ಕಣಜ ಇಲ್ಲದಿದ್ದರೆ ಅದರ ಕಾಯಿ ನೆಲ್ಲಿಕಾಯಿ ಗಾತ್ರಕ್ಕೆ ಬಂದು ಉದುರಿ ಹೋಗುತ್ತದೆ. ಪೂನಾ, ಬ್ರೌನ್ ಟರ್ಕಿ, ದಯಾನಾಗಳಿಗೆ ಕಣಜದ ಹಂಗಿಲ್ಲ, ಪರಾಗಸ್ಪರ್ಶ ಇಲ್ಲದೆಯೇ ಹಣ್ಣಾಗುತ್ತವೆ. ಆನ್‌ಲೈನ್‌ನಲ್ಲಿ ಅಪರೂಪದ ಹೆಸರು ನೋಡಿ ಕೊಳ್ಳುವ ಮೊದಲು ಅದು ಯಾವ ಗುಂಪಿನದು ಅಂತ ಕೇಳಿಕೊಳ್ಳಿ.

ಇದೇ ಕಾರಣಕ್ಕೆ ಒಣ ಅಂಜೂರದ ಬೀಜ ಹಾಕಿ ಗಿಡ ಮಾಡುವ ಗೋಜಿಗೆ ಹೋಗಬೇಡಿ. ಮೊಳಕೆ ಬರುತ್ತದೆ, ಸಂತೋಷವೂ ಆಗುತ್ತದೆ. ಆದರೆ ಬೀಜದ ಗಿಡಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ತಿನ್ನಲು ಬಾರದ ಕಾಯಿಯ ಗಂಡು ಗಿಡ. ಉಳಿದದ್ದರ ಗುಣವೂ ತಾಯಿಯಂತೆ ಇರುವುದಿಲ್ಲ. ಅದು ಗೊತ್ತಾಗಲು ವರ್ಷಗಟ್ಟಲೆ ಕಾಯಬೇಕು.

ಗಿಡ ಕೊಳ್ಳಲು ಒಳ್ಳೆಯ ಸಮಯ ಅಕ್ಟೋಬರ್‌ನಿಂದ ಜನವರಿ. ಮಂಗಳೂರಿನ ಕದ್ರಿ ಪಾರ್ಕಿನಲ್ಲಿ ಜನವರಿಯಲ್ಲಿ ಫಲಪುಷ್ಪ ಪ್ರದರ್ಶನ ಆಗುತ್ತದಲ್ಲ, ಅಲ್ಲಿ ನರ್ಸರಿಯವರು ಮಳಿಗೆ ಹಾಕುತ್ತಾರೆ, ಒಂದೇ ಕಡೆ ನಾಲ್ಕಾರು ಗಿಡ ಹೋಲಿಸಿ ನೋಡಬಹುದು. ಎತ್ತರದ ಗಿಡಕ್ಕೆ ಮರುಳಾಗಬೇಡಿ. ಒಂದೂವರೆ ಅಡಿ ಇದ್ದು ಬುಡ ದಪ್ಪಗಿರುವ ಗಿಡವೇ ಮೇಲು. ಎಲೆ ತಿರುಗಿಸಿ ಅಡಿಭಾಗ ನೋಡಿ. ಕಂದು ಪುಡಿಯ ಚುಕ್ಕೆ ಇದ್ದರೆ ಅದು ತುಕ್ಕು ರೋಗ, ಆ ಗಿಡ ಬೇಡ. ಕಾಯಿ ಇರುವ ಗಿಡ ಕೊಂಡರೆ ಮನೆಗೆ ಬಂದ ಮೇಲೆ ಕಾಯಿಯೆಲ್ಲ ಕಿತ್ತುಬಿಡಿ. ಮೊದಲ ವರ್ಷ ಬೇರು ಕಟ್ಟಲಿ.

ಗೆಲ್ಲು ತುಂಡಿನಿಂದ ಗಿಡ

ಪರಿಚಯದವರ ಮನೆಯಲ್ಲಿ ಒಳ್ಳೆಯ ಗಿಡ ಇದ್ದರೆ ದುಡ್ಡು ಖರ್ಚು ಮಾಡುವುದೇ ಬೇಡ. ಅವರು ಅಕ್ಟೋಬರ್‌ನಲ್ಲಿ ಸವರುವಾಗ ನಾಲ್ಕೈದು ತುಂಡು ಕೇಳಿ ಪಡೆಯಿರಿ. ಹಸಿರು ತುದಿ ಬೇಡ, ಕಂದು ಬಣ್ಣಕ್ಕೆ ತಿರುಗಿದ, ಪೆನ್ಸಿಲ್ ದಪ್ಪದ, ಒಂದು ಗೇಣು ಉದ್ದದ ತುಂಡು ಸಾಕು. ಅದರಲ್ಲಿ ನಾಲ್ಕೈದು ಗಣ್ಣು ಇರಬೇಕು. ಕೆಳತುದಿಯನ್ನು ಗಣ್ಣಿನ ಕೆಳಗೇ ಕತ್ತರಿಸಿ. ಹಾಲು ಸುರಿಯುತ್ತದೆ. ನೀರಿನಲ್ಲಿ ತೊಳೆದು, ನೆರಳಲ್ಲಿ ಒಂದು ದಿನ ಒಣಗಲು ಬಿಡಿ.

ಅರ್ಧ ಹೊಯಿಗೆ (ಮರಳು), ಅರ್ಧ ತೆಂಗಿನ ನಾರಿನ ಪುಡಿ ಬೆರೆಸಿ, ತೂತು ಮಾಡಿದ ಎತ್ತರದ ಲೋಟಕ್ಕೋ ನರ್ಸರಿ ಚೀಲಕ್ಕೋ ತುಂಬಿ. ತುಂಡಿನ ಮೂರರಲ್ಲಿ ಎರಡು ಭಾಗ ಒಳಗೆ ಹೋಗುವಂತೆ ಊರಿ. ಹೊಯಿಗೆ ಹೊಳೆಯದ್ದಾಗಿರಲಿ, ಕಡಲ ಬದಿಯದ್ದು ಬೇಡ. ಒಮ್ಮೆ ನೀರು ಹಾಕಿ ನೆರಳಲ್ಲಿಡಿ. ಆಮೇಲೆ ಮಿಶ್ರಣವನ್ನು ಮುಷ್ಟಿಯಲ್ಲಿ ಹಿಂಡಿದರೆ ನೀರು ಒಸರಬಾರದು, ಕೈಗೆ ತಂಪು ಮಾತ್ರ ತಾಗಬೇಕು. ಅಷ್ಟೇ ಪಸೆ ಸಾಕು. ತುಂಡು ಸಾಯುವುದು ಬಾಯಾರಿಕೆಯಿಂದ ಅಲ್ಲ, ನೀರು ಜಾಸ್ತಿಯಾಗಿ ಕೊಳೆತು.

ಎರಡು ಮೂರು ವಾರದಲ್ಲಿ ಎಲೆ ಬಿಚ್ಚಿಕೊಳ್ಳುತ್ತದೆ. ಇಲ್ಲಿ ತಾಳ್ಮೆ ಬೇಕು. ಆ ಎಲೆ ಬಂದದ್ದು ತುಂಡಿನೊಳಗಿದ್ದ ಸತ್ವದಿಂದ, ಬೇರು ಇನ್ನೂ ಬಂದಿರುವುದಿಲ್ಲ. ಆಗ ಬಿಸಿಲಿಗಿಟ್ಟರೆ ಎರಡೇ ದಿನದಲ್ಲಿ ಬಾಡುತ್ತದೆ. ಪಾರದರ್ಶಕ ಲೋಟ ಬಳಸಿದರೆ ಬಿಳಿ ಬೇರು ಗೋಡೆಗೆ ತಾಗಿದ್ದು ಕಾಣುತ್ತದೆ. ಅದು ಕಂಡ ಮೇಲೆ ಬೆಳಗಿನ ಬಿಸಿಲಿಗೆ ಅಭ್ಯಾಸ ಮಾಡಿಸಿ, ಇನ್ನೊಂದು ತಿಂಗಳು ಬಿಟ್ಟು ಚಟ್ಟಿಗೆ ಹಾಕಿ.

ಚಟ್ಟಿ ಮತ್ತು ಮಣ್ಣು

ಮೊದಲ ವರ್ಷ 12 ಇಂಚಿನ ಚಟ್ಟಿ. 20 ಲೀಟರ್‌ನ ಪೇಂಟ್ ಬಕೆಟ್ ಆದರೂ ನಡೆಯುತ್ತದೆ. ಎರಡನೇ ವರ್ಷ 18 ಇಂಚಿಗೆ ಬದಲಿಸಿ, ಅಲ್ಲಿಗೇ ನಿಲ್ಲಿಸಿ. ಅದಕ್ಕಿಂತ ದೊಡ್ಡದಾದರೆ ಮಳೆಗಾಲಕ್ಕೆ ಒಳಗೆ ಸರಿಸಲು ಇಬ್ಬರು ಬೇಕಾಗುತ್ತದೆ. ಬೇರಿಗೆ ಜಾಗ ಸ್ವಲ್ಪ ಬಿಗಿಯಾಗಿದ್ದರೆ ಅಂಜೂರ ಎಲೆ ಕಡಿಮೆ ಮಾಡಿ ಕಾಯಿ ಜಾಸ್ತಿ ಕಟ್ಟುತ್ತದೆ, ಹಾಗಾಗಿ ಚಟ್ಟಿಯಿಂದ ನಷ್ಟವೇನಿಲ್ಲ. ಬೇರುಗಂಟು ಮಾಡುವ ಜಂತುಹುಳದ ಕಾಟವೂ ನೆಲಕ್ಕಿಂತ ಚಟ್ಟಿಯಲ್ಲಿ ಕಡಿಮೆ.

ಅಡಿಯಲ್ಲಿ ಬೆರಳು ಹೋಗುವಷ್ಟು ದೊಡ್ಡ ತೂತು ಐದಾರು ಬೇಕು. ಅದರ ಮೇಲೆ ಮುರಕಲ್ಲಿನ (ಜಂಬಿಟ್ಟಿಗೆಯ) ಚೂರು ಹರಡಿ. ಚಟ್ಟಿಯನ್ನು ಮೂರು ಇಟ್ಟಿಗೆ ತುಂಡಿನ ಮೇಲೆ ಎತ್ತಿ ಇಡಿ. ಅಡಿಗೆ ತಟ್ಟೆ ಇಡಬೇಡಿ. ಬೇರು ಕೊಳೆಯುವುದು ಒಂದು ಕಡೆಯಾದರೆ, ನಿಂತ ನೀರಿನಲ್ಲಿ ಸೊಳ್ಳೆ ಮೊಟ್ಟೆ ಇಡುವುದು ಇನ್ನೊಂದು ಕಡೆ. ಮಲೇರಿಯಾ, ಡೆಂಗ್ಯೂ ಕಂಡ ಊರು ನಮ್ಮದು.

ಮಣ್ಣಿನ ವಿಷಯದಲ್ಲಿ ನಮ್ಮ ಊರಿನ ತೊಂದರೆ ಹುಳಿ. ಮುರಕಲ್ಲು ಸೀಮೆಯ ಕೆಂಪುಮಣ್ಣು ಮಳೆಗೆ ತೊಳೆದು ತೊಳೆದು ಹುಳಿಯಾಗಿರುತ್ತದೆ, ಸುಣ್ಣದ ಅಂಶ ಕಡಿಮೆ. ಅಂಜೂರಕ್ಕೆ ಸುಣ್ಣ ಇಷ್ಟ. ಆದ್ದರಿಂದ ಹೀಗೆ ಬೆರೆಸಿ: ಎರಡು ಬುಟ್ಟಿ ಕೆಂಪುಮಣ್ಣು, ಒಂದು ಬುಟ್ಟಿ ಹೊಯಿಗೆ, ಒಂದು ಬುಟ್ಟಿ ಹಳೆಯ ಹಟ್ಟಿಗೊಬ್ಬರ, ಒಂದು ಬುಟ್ಟಿ ಸುಡುಮಣ್ಣು. ಸುಡುಮಣ್ಣು ಸಿಗದಿದ್ದರೆ ತೆಂಗಿನ ನಾರಿನ ಪುಡಿ. ಪ್ರತಿ ಚಟ್ಟಿಗೆ ಎರಡು ಮುಷ್ಟಿ ಬೇವಿನ ಹಿಂಡಿ, ಎರಡು ಮುಷ್ಟಿ ಕೃಷಿ ಸುಣ್ಣ. ಬೆರೆಸಿ ಒದ್ದೆ ಮಾಡಿ, ಎರಡು ವಾರ ಗೋಣಿ ಮುಚ್ಚಿಟ್ಟು ಆಮೇಲೆ ನೆಡಿ. ಹಟ್ಟಿಗೊಬ್ಬರ ಬಿಸಿ ಇದ್ದರೆ ಬೇರು ಸುಟ್ಟು ಹೋಗುತ್ತದೆ, ಕೈ ಹಾಕಿದಾಗ ತಣ್ಣಗಿದ್ದು ಮಣ್ಣಿನ ವಾಸನೆ ಬರುವಂಥದ್ದು ಬಳಸಿ.

ಬಿಸಿಲು, ನೀರು, ಗೊಬ್ಬರ

ದಿನಕ್ಕೆ ಏಳೆಂಟು ಗಂಟೆ ನೇರ ಬಿಸಿಲು ಬೇಕು. ತೆಂಗಿನ ಮರದ ನೆರಳು ಹಾದುಹೋದರೆ ಅಡ್ಡಿಯಿಲ್ಲ, ಮಾವಿನ ಮರದ ಅಡಿ ಬೇಡ. ತಾರಸಿಯೇ ಸರಿಯಾದ ಜಾಗ.

ಮಾರ್ಚ್, ಏಪ್ರಿಲ್‌ನಲ್ಲಿ ತಾರಸಿಯ ಚಟ್ಟಿಗೆ ದಿನಾ ನೀರು ಬೇಕಾಗುತ್ತದೆ. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗಿಳಿಸಿ ನೋಡಿ, ಒಣಗಿದ್ದರೆ ಅಡಿಯಿಂದ ಹೊರಬರುವಷ್ಟು ಕೊಡಿ. ಕಾಯಿ ಇರುವಾಗ ಒಂದು ಸಲ ಪೂರ್ತಿ ಒಣಗಿದರೂ ಕಾಯಿ ಉದುರುತ್ತದೆ. ಒಂದು ದಿನ ಮರೆತು ಮರುದಿನ ಎರಡು ಪಾಲು ಹಾಕಿದರೆ ಮಾಗುತ್ತಿರುವ ಹಣ್ಣು ಒಡೆಯುತ್ತದೆ. ಮನೆ ಬಿಟ್ಟು ಎರಡು ದಿನ ಹೋಗುವುದಿದ್ದರೆ ನೆರೆಮನೆಯವರಿಗೆ ಹೇಳಿ ಹೋಗಿ. ಮಣ್ಣಿನ ಮೇಲೆ ತರಗೆಲೆಯನ್ನೋ ತೆಂಗಿನ ಸಿಪ್ಪೆಯನ್ನೋ ಹೊದಿಸಿದರೆ ಪಸೆ ನಿಲ್ಲುತ್ತದೆ.

ಉಳ್ಳಾಲ, ಸುರತ್ಕಲ್, ಮಲ್ಪೆಯಂಥ ಕಡಲ ಬದಿಯ ಕೆಲವು ಬಾವಿಗಳಲ್ಲಿ ಬೇಸಿಗೆ ಕೊನೆಗೆ ನೀರು ಸ್ವಲ್ಪ ಉಪ್ಪಾಗುತ್ತದೆ. ಅಂಜೂರ ಒಂದು ಮಟ್ಟಿಗೆ ಉಪ್ಪು ತಡೆದುಕೊಳ್ಳುವ ಗಿಡ. ಎಲೆಯ ಅಂಚು ಸುಟ್ಟಂತೆ ಕಂದಾದರೆ ಮಾತ್ರ ಒಮ್ಮೆ ಸಿಹಿನೀರು ಧಾರಾಳ ಸುರಿದು ಮಣ್ಣು ತೊಳೆಯಿರಿ.

ಗೊಬ್ಬರಕ್ಕೆ ಹೊಸದೇನೂ ಕಲಿಯಬೇಕಿಲ್ಲ. ಶಂಕರಪುರದ ಮಲ್ಲಿಗೆ ಬೆಳೆಗಾರರು ಮಾಡುವ ಕಡ್ಲೆಹಿಂಡಿ ನೀರು ಇದಕ್ಕೂ ಆಗುತ್ತದೆ. ಒಂದು ಹಿಡಿ ಕಡ್ಲೆಹಿಂಡಿ, ಒಂದು ಹಿಡಿ ಬೇವಿನ ಹಿಂಡಿ, ಸ್ವಲ್ಪ ಸೆಗಣಿ ಸೇರಿಸಿ ಐದು ಲೀಟರ್ ನೀರಿನಲ್ಲಿ ಮೂರು ನಾಲ್ಕು ದಿನ ನೆನೆಸಿ. ಅದಕ್ಕೆ ಅಷ್ಟೇ ನೀರು ಸೇರಿಸಿ ತೆಳು ಮಾಡಿ, ಗಿಡಕ್ಕೊಂದು ಲೀಟರಿನಂತೆ 15 ದಿನಕ್ಕೊಮ್ಮೆ ಹಾಕಿ. ಇದು ನವೆಂಬರ್‌ನಿಂದ ಜನವರಿ ಕೊನೆಯವರೆಗೆ ಮಾತ್ರ. ಕಾಯಿ ದಪ್ಪವಾಗಲು ಶುರುವಾದ ಮೇಲೆ ಹಿಂಡಿ ನಿಲ್ಲಿಸಿ, ಬಚ್ಚಲೊಲೆಯ ಬೂದಿ ಎರಡು ಮುಷ್ಟಿ ತಿಂಗಳಿಗೊಮ್ಮೆ ಕೊಡಿ. ತೆಂಗಿನ ಗೆರಟೆ, ಮಡಲು ಸುಟ್ಟ ಬೂದಿಯಲ್ಲಿ ಪೊಟ್ಯಾಷ್ ಚೆನ್ನಾಗಿರುತ್ತದೆ. ಹಿಂಡಿ ಜಾಸ್ತಿಯಾದ ಗಿಡ ನೋಡಲು ಚೆಂದ, ಅಂಗೈಗಿಂತ ದೊಡ್ಡ ಎಲೆ ಬಿಡುತ್ತದೆ, ಕಾಯಿ ಮಾತ್ರ ಇರುವುದಿಲ್ಲ.

ಅಕ್ಟೋಬರ್: ಸವರುವ ಕೆಲಸ

ಇಡೀ ವರ್ಷದ ಕೆಲಸದಲ್ಲಿ ಮುಖ್ಯವಾದದ್ದು ಇದು. ಅಂಜೂರದ ಮುಖ್ಯ ಬೆಳೆ ಬರುವುದು ಹೊಸ ಚಿಗುರಿನಲ್ಲಿ, ಪ್ರತಿ ಎಲೆಯ ಕಂಕುಳಲ್ಲಿ. ಹೊಸ ಚಿಗುರು ಎಷ್ಟೋ ಕಾಯಿ ಅಷ್ಟು. ಹಳೆ ಗೆಲ್ಲನ್ನು ಹಾಗೇ ಬಿಟ್ಟರೆ ಗಿಡ ಉದ್ದ ಹೋಗುತ್ತದೆ, ತುದಿಯಲ್ಲಿ ನಾಲ್ಕು ಎಲೆ, ಎರಡು ಕಾಯಿ.

ಮೊದಲ ಸಲ ಸವರುವಾಗ ಗಿಡವನ್ನು ನೆಲದಿಂದ ಒಂದೂವರೆ ಎರಡು ಅಡಿಗೆ ಕತ್ತರಿಸಿ. ಕೈ ನಡುಗುತ್ತದೆ, ಆದರೆ ಕತ್ತರಿಸಿ. ಅಲ್ಲಿಂದ ಬರುವ ಚಿಗುರುಗಳಲ್ಲಿ ನಾಲ್ಕು ದಿಕ್ಕಿಗೆ ಹೋಗುವ ಮೂರು ನಾಲ್ಕನ್ನು ಉಳಿಸಿ ಬಾಕಿ ಚಿವುಟಿ ಹಾಕಿ. ಅವೇ ಗಿಡದ ತೋಳುಗಳು. ಮುಂದಿನ ವರ್ಷಗಳಲ್ಲಿ ಆ ತೋಳಿನ ಮೇಲಿನ ಹಿಂದಿನ ವರ್ಷದ ಗೆಲ್ಲುಗಳನ್ನು ಬುಡದಲ್ಲಿ ಎರಡು ಮೂರು ಗಣ್ಣು ಬಿಟ್ಟು ಸವರುತ್ತಾ ಹೋಗಿ. ಬುಡದಿಂದ ಏಳುವ ಕಳ್ಳ ಚಿಗುರು, ಒಳಮುಖವಾಗಿ ಹೋಗುವ ಗೆಲ್ಲು, ಒಂದಕ್ಕೊಂದು ಉಜ್ಜುವ ಗೆಲ್ಲು ಎಲ್ಲ ತೆಗೆಯಿರಿ.

ಕ್ರಮ ಹೀಗೆ. ಸವರುವ ಎಂಟು ಹತ್ತು ದಿನ ಮೊದಲು ನೀರು ನಿಲ್ಲಿಸಿ. ಅಕ್ಟೋಬರ್ ಮಧ್ಯದಲ್ಲಿ, ಮಳೆಯಿಲ್ಲದ ದಿನ ನೋಡಿ, ಸಂಜೆ ಹೊತ್ತಿಗೆ ಕೆಲಸಕ್ಕಿಳಿಯಿರಿ. ಸಂಜೆ ಯಾಕೆ ಅಂದರೆ, ಅಂಜೂರದ ಹಾಲು ಚರ್ಮಕ್ಕೆ ತಾಗಿ ಅದರ ಮೇಲೆ ಬಿಸಿಲು ಬಿದ್ದರೆ ಸುಟ್ಟ ಹಾಗೆ ಬೊಬ್ಬೆ ಏಳಬಹುದು. ಇದು ಹಲಸಿನ ಕುಟುಂಬದ ಗಿಡವೇ. ಹಲಸು ಕೊಯ್ಯುವಾಗ ಮಾಡುವಂತೆ ಕೈಗೂ ಕತ್ತಿಗೂ ತೆಂಗಿನೆಣ್ಣೆ ಹಚ್ಚಿಕೊಳ್ಳಿ, ಉದ್ದ ತೋಳಿನ ಅಂಗಿ ಹಾಕಿಕೊಳ್ಳಿ. ಕಣ್ಣು ಉಜ್ಜಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ.

ಗಣ್ಣಿನ ಮೇಲೆ ಅರ್ಧ ಇಂಚು ಬಿಟ್ಟು ಓರೆಯಾಗಿ ಕತ್ತರಿಸಿ. ಉಳಿದ ಎಲೆಯನ್ನೆಲ್ಲ ಕೈಯಿಂದ ತೆಗೆದುಬಿಡಿ. ಹಾಲು ನಿಂತ ಮೇಲೆ ಕತ್ತರಿಸಿದ ತುದಿಗಳಿಗೆ ಬೋರ್ಡೋ ಮುಲಾಮು ಹಚ್ಚಿ: 100 ಗ್ರಾಂ ಮೈಲುತುತ್ತು, 100 ಗ್ರಾಂ ಸುಣ್ಣ, ಒಂದು ಲೀಟರ್ ನೀರು. ಒಂದೆರಡು ಗಿಡಕ್ಕಾದರೆ ಇದರ ಹತ್ತರಲ್ಲಿ ಒಂದು ಪಾಲು ಮಾಡಿಕೊಂಡರೆ ಧಾರಾಳ. ಮೇಲ್ಮಣ್ಣು ಎರಡು ಇಂಚು ಕೆರೆದು ತೆಗೆದು, ಅದರ ಬದಲು ಹಳೆಯ ಹಟ್ಟಿಗೊಬ್ಬರ, ಒಂದು ಮುಷ್ಟಿ ಬೇವಿನ ಹಿಂಡಿ, ಒಂದು ಮುಷ್ಟಿ ಸುಣ್ಣ ಹಾಕಿ, ಭರ್ತಿ ನೀರು ಕೊಟ್ಟು ಪೂರ್ಣ ಬಿಸಿಲಿಗಿಡಿ. ಹತ್ತು ಹದಿನೈದು ದಿನದಲ್ಲಿ ಬೋಳು ಕಡ್ಡಿಯ ಗಣ್ಣುಗಳು ಉಬ್ಬಿ ಹಸಿರು ಮೊನೆ ಹೊರಗೆ ಬರುತ್ತದೆ.

ಕೆಲವು ತೋಳುಗಳಲ್ಲಿ ತುದಿಯ ಒಂದೆರಡು ಗಣ್ಣು ಮಾತ್ರ ಒಡೆದು ಕೆಳಗಿನವು ಸುಮ್ನೆ ಇರುತ್ತವೆ. ಅದಕ್ಕೆ ಪುಣೆ ಕಡೆಯ ತೋಟಗಳಲ್ಲಿ ಒಂದು ಉಪಾಯ ಇದೆ, ಕಚ್ಚು ಹಾಕುವುದು. ಮಲಗಿರುವ ಗಣ್ಣಿನ ಸರಿಯಾಗಿ ಮೇಲ್ಭಾಗದಲ್ಲಿ ಹರಿತವಾದ ಚೂರಿಯಿಂದ ತೊಗಟೆಯನ್ನೂ ಅದರಡಿಯ ಒಂಚೂರು ಮರವನ್ನೂ ಓರೆಯಾಗಿ ಕೆತ್ತಿ ತೆಗೆಯಬೇಕು. ಹೆಬ್ಬೆರಳು ದಪ್ಪದ ಗೆಲ್ಲಿಗೆ ಕೈಬೆರಳಿನ ಉಗುರಿನಷ್ಟು ಗಾಯ ಸಾಕು. ಗೆಲ್ಲಿನ ಸುತ್ತಳತೆಯ ಮೂರನೇ ಒಂದು ಭಾಗ ಮೀರಬಾರದು. ತುದಿಯಿಂದ ಕೆಳಗಿಳಿದು ಬಂದು ಕೆಳಗಿನ ಗಣ್ಣುಗಳನ್ನು ಅದುಮಿಡುವ ರಸ ಅಲ್ಲಿ ತಡೆಯಾಗುತ್ತದೆ, ಕಚ್ಚಿನ ಕೆಳಗಿನ ಗಣ್ಣು ಎಚ್ಚರಗೊಂಡು ಚಿಗುರುತ್ತದೆ. ಒಂದು ತೋಳಿಗೆ ಎರಡು ಮೂರು ಕಚ್ಚು ಸಾಕು.

ಚಿಗುರಿನಿಂದ ಹಣ್ಣಿನವರೆಗೆ

ಹೊಸ ಚಿಗುರಿಗೆ ಐದಾರು ಎಲೆ ಬಂದಾಗ ತುದಿ ಚಿವುಟಿ. ಮೇಲೆ ಹೋಗುವ ಶಕ್ತಿ ಕಾಯಿಗೆ ತಿರುಗುತ್ತದೆ. ಡಿಸೆಂಬರ್ ಹೊತ್ತಿಗೆ ಎಲೆಯ ಕಂಕುಳಲ್ಲಿ ಬಟಾಣಿ ಗಾತ್ರದ ಹಸಿರು ಗುಂಡು ಕಾಣಿಸುತ್ತದೆ. ಹೂವಿಗಾಗಿ ಕಾಯಬೇಡಿ, ಅದು ಒಳಗೇ ಇದೆ.

ಆಮೇಲೆ ಮೊದಲ ಸಲ ಬೆಳೆಸುವವರು ಗಾಬರಿಯಾಗುವ ಹಂತ ಬರುತ್ತದೆ. ಕಾಯಿ ನಿಂಬೆಯ ಅರ್ಧದಷ್ಟಾಗಿ ಅಲ್ಲಿಗೇ ನಿಂತುಬಿಡುತ್ತದೆ. ವಾರಗಟ್ಟಲೆ ಒಂದಿಷ್ಟೂ ಬೆಳೆಯುವುದಿಲ್ಲ. ಏನೋ ರೋಗ ಅಂತ ಗೊಬ್ಬರ ಸುರಿಯಬೇಡಿ. ಅಂಜೂರ ಬೆಳೆಯುವ ರೀತಿಯೇ ಹಾಗೆ: ಮೊದಲು ಬೇಗ, ನಡುವೆ ನಿಲುಗಡೆ, ಕೊನೆಯ ಕೆಲವು ದಿನಗಳಲ್ಲಿ ಇದ್ದಕ್ಕಿದ್ದಂತೆ ಉಬ್ಬಿ ಬಣ್ಣ ತಿರುಗುತ್ತದೆ. ಸವರಿದ ದಿನದಿಂದ ಹಣ್ಣಿಗೆ ನಾಲ್ಕೂವರೆ ತಿಂಗಳು ಆಸುಪಾಸು ಲೆಕ್ಕ ಇಟ್ಟುಕೊಳ್ಳಿ.

ಹಣ್ಣಾಯಿತು ಅಂತ ಬಣ್ಣ ನೋಡಿ ತೀರ್ಮಾನಿಸಬೇಡಿ, ತೊಟ್ಟು ನೋಡಿ. ಕಾಯಿ ಇರುವಾಗ ಅದು ಗೆಲ್ಲಿನಿಂದ ನೆಟ್ಟಗೆ ಹೊರಚಾಚಿರುತ್ತದೆ. ಮಾಗಿದಾಗ ಕುತ್ತಿಗೆ ಸೋತು ಹಣ್ಣು ಕೆಳಗೆ ಜೋತುಬೀಳುತ್ತದೆ. ಮುಟ್ಟಿದರೆ ಮೆತ್ತಗೆ, ಸಿಪ್ಪೆಯಲ್ಲಿ ಸಣ್ಣ ಬಿಳಿ ಬಿರುಕು. ಮೆಲ್ಲಗೆ ಎತ್ತಿದರೆ ಕೈಗೆ ಬರುತ್ತದೆ, ತೊಟ್ಟಿನಲ್ಲಿ ಹಾಲು ಇರುವುದಿಲ್ಲ. ಹಾಲು ಬಂದರೆ ಅವಸರ ಮಾಡಿದಿರಿ ಅಂತ ಅರ್ಥ. ಹಾಲು ಬರುವ ಕಾಯಿ ತಿಂದರೆ ನಾಲಿಗೆ, ತುಟಿ ಉರಿಯುತ್ತದೆ.

ಇಷ್ಟರಲ್ಲಿ ಪಿಕಳಾರ, ಕುಟ್ರು, ಕೋಗಿಲೆ, ಅಳಿಲು, ರಾತ್ರಿ ಬಾವಲಿ ಎಲ್ಲಕ್ಕೂ ಸುದ್ದಿ ಮುಟ್ಟಿರುತ್ತದೆ. ಬಣ್ಣ ತಿರುಗುವ ಮೊದಲೇ ಒಂದೊಂದು ಹಣ್ಣಿಗೂ ಸಣ್ಣ ನೆಟ್ ಚೀಲ ಕಟ್ಟಿ. ಏಪ್ರಿಲ್, ಮೇನಲ್ಲಿ ಸುತ್ತ ಮಾವು ಹಣ್ಣಾಗುವಾಗ ಹಣ್ಣುನೊಣ ಜಾಸ್ತಿ, ಅದಕ್ಕೂ ಈ ಚೀಲವೇ ಮದ್ದು. ಇಡೀ ಗಿಡಕ್ಕೆ ಬಲೆ ಹೊದಿಸಿದರೆ ಹಕ್ಕಿಗಳು ಕಾಲು ಸಿಕ್ಕಿಸಿಕೊಂಡು ಒದ್ದಾಡುತ್ತವೆ, ಅದು ಬೇಡ. ಇರುವೆ ಹತ್ತದಂತೆ ಬುಡದ ಸುತ್ತ ಬಟ್ಟೆಪಟ್ಟಿ ಕಟ್ಟಿ ಅದಕ್ಕೆ ಗ್ರೀಸ್ ಹಚ್ಚಿ, ಗ್ರೀಸ್ ತೊಗಟೆಗೆ ತಾಗದಿರಲಿ.

ಮೇ ತಿಂಗಳಲ್ಲಿ ಒಂದು ಗುಡುಗು ಮಳೆ ಬಂದರೆ ಮಾಗಿದ ಹಣ್ಣೆಲ್ಲ ನೀರು ಕುಡಿದು ಒಡೆದು ಹುಳಿಯಾಗುತ್ತದೆ. ಮೋಡ ಕಂಡ ಸಂಜೆ ಹಣ್ಣಾದದ್ದನ್ನೆಲ್ಲ ಕೊಯ್ದುಬಿಡಿ. ಒಣಗಿಸುವ ಯೋಚನೆ ಇಲ್ಲಿ ಬೇಡ, ನಮ್ಮ ಗಾಳಿಯ ಪಸೆಗೆ ಬೂಸ್ಟು ಹಿಡಿಯುತ್ತದೆ. ಹಾಗೇ ತಿನ್ನಿ, ಮಿಕ್ಕರೆ ಜಾಮ್ ಮಾಡಿ.

ಪತ್ತನಾಜೆಗೆ ಒಳಗೆ

ಪತ್ತನಾಜೆ ಬರುವುದು ಮೇ 24, 25ರ ಸುಮಾರಿಗೆ. ಯಕ್ಷಗಾನ ಮೇಳಗಳು ತಿರುಗಾಟ ಮುಗಿಸುವ ಆ ದಿನವನ್ನೇ ಅಂಜೂರಕ್ಕೂ ಗಡುವು ಮಾಡಿಕೊಳ್ಳಿ. ಅಷ್ಟರೊಳಗೆ ಚಟ್ಟಿ ಮಾಡಿನಡಿ ಬರಬೇಕು.

ತಾರಸಿಗೆ ಶೀಟು ಹಾಕಿದ ಮನೆಯಾದರೆ ಸುಲಭ. ಶೀಟಿನ ಅಂಚಿನಲ್ಲಿ ಬೆಳಕು ಇರುವ ಕಡೆ ಇಡಿ, ಆದರೆ ಪಡು ದಿಕ್ಕಿನ ಅಂಚು ಬೇಡ. ಪಡುಗಾಳಿಯ ಜೊತೆ ಬರುವ ಎರಚಲು ಅಲ್ಲಿ ಚಟ್ಟಿ ತುಂಬಿಸುತ್ತದೆ. ಮೂಡು ಅಥವಾ ಬಡಗು ದಿಕ್ಕು ಒಳ್ಳೆಯದು. ಅಡಿಕೆ ಒಣಗಿಸುವ ಸೋಲಾರ್ ಗೂಡು ಮಳೆಗಾಲದಲ್ಲಿ ಖಾಲಿ ಇದ್ದರೆ, ಎರಡು ಬದಿ ಗಾಳಿಗೆ ತೆರೆದಿಟ್ಟು ಅಲ್ಲಿಡಬಹುದು, ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಏನೂ ಇಲ್ಲದವರು ಅಡಿಕೆ ಗೊನೆಗೆ ಕೊಟ್ಟೆ ಕಟ್ಟುವಂತೆ ಗಿಡದ ಬುಡಕ್ಕೆ ಪ್ಲಾಸ್ಟಿಕ್ ಸುತ್ತಿ, ಚಟ್ಟಿಯ ಬಾಯಿಯಾಚೆಗೆ ಇಳಿಜಾರಾಗಿ ಹರಡಿ ಕಟ್ಟಿ. ಎಲೆ ನೆನೆಯುತ್ತದೆ, ಬೇರಾದರೂ ಉಳಿಯುತ್ತದೆ.

ಈ ನಾಲ್ಕು ತಿಂಗಳು ವಾರಕ್ಕೊಮ್ಮೆ ಒಂದು ಚೊಂಬು ನೀರು ಸಾಕು. ಗೊಬ್ಬರ ಬೇಡ. ಕಾಯಿ ಕಟ್ಟಿದರೆ ಸಣ್ಣದಿರುವಾಗಲೇ ಕಿತ್ತು ಹಾಕಿ. ಎಲೆ ಹಳದಿಯಾಗಿ ಉದುರಿದರೆ ಉದುರಲಿ.

ಮಳೆಗಾಲದ ದೊಡ್ಡ ಶತ್ರು ತುಕ್ಕು ರೋಗ. ಎಲೆಯ ಮೇಲೆ ಸಣ್ಣ ಹಳದಿ ಚುಕ್ಕೆ, ಅಡಿಯಲ್ಲಿ ಬೆರಳಿಗೆ ಹತ್ತುವ ಕಂದು ಪುಡಿ. ಅಂಥ ಎಲೆ ಕಿತ್ತು ಸುಟ್ಟುಬಿಡಿ, ಬುಡದಲ್ಲಿ ಬಿಡಬೇಡಿ. ಅಡಿಕೆ ಕೊಳೆರೋಗಕ್ಕೆ ಹೊಡೆಯುವ ಶೇಕಡಾ 1ರ ಬೋರ್ಡೋ ದ್ರಾವಣವೇ ಇದಕ್ಕೂ ಸಾಕು. ಚಟ್ಟಿಗಿಡಕ್ಕೆ ಬೇಕಾದ ಲೆಕ್ಕ: 10 ಗ್ರಾಂ ಮೈಲುತುತ್ತು ಅರ್ಧ ಲೀಟರ್ ನೀರಿನಲ್ಲಿ, 10 ಗ್ರಾಂ ಸುಣ್ಣ ಇನ್ನರ್ಧ ಲೀಟರ್‌ನಲ್ಲಿ. ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಮೆಲ್ಲಗೆ ಸುರಿಯುತ್ತಾ ಕಲಕಿ, ತಿರುಗಿಸಿ ಮಾಡಬೇಡಿ. ಪ್ಲಾಸ್ಟಿಕ್ ಪಾತ್ರೆಯಲ್ಲೇ ಮಾಡಿ. ತುಕ್ಕಿಲ್ಲದ ಕಬ್ಬಿಣದ ಚೂರಿ ಅದ್ದಿ ನೋಡಿದಾಗ ಕೆಂಪು ಕಲೆ ಬಂದರೆ ಇನ್ನಷ್ಟು ಸುಣ್ಣ ಬೇಕು. ಅಂದೇ ಮಾಡಿ ಅಂದೇ ಹೊಡೆಯಿರಿ. ಒಳಗಿಡುವ ಮೊದಲು ಒಮ್ಮೆ, ಸವರಿದ ಮೇಲೆ ಒಮ್ಮೆ. ಹಣ್ಣಿರುವಾಗ ಬೇಡ.

ಬುಡದಲ್ಲಿ ಮರದ ಹುಡಿ ಬಿದ್ದದ್ದು ಕಂಡರೆ ಕಾಂಡ ಕೊರೆಯುವ ಹುಳ ಒಳಗಿದೆ. ತೂತಿಗೆ ಸೈಕಲ್ ಕಡ್ಡಿಯಂಥ ತಂತಿ ತೂರಿಸಿ ಹುಳವನ್ನು ಕೊಂದು, ತೂತಿಗೆ ಜೇಡಿಮಣ್ಣು ಮೆತ್ತಿ. ತಡ ಮಾಡಿದರೆ ಇಡೀ ತೋಳು ಒಣಗುತ್ತದೆ.

ಎರಡು ಮೂರು ವರ್ಷಕ್ಕೊಮ್ಮೆ ಅಕ್ಟೋಬರ್‌ನಲ್ಲಿ ಬೇರನ್ನೂ ಸವರಬೇಕು. ಗಿಡವನ್ನು ಚಟ್ಟಿಯಿಂದ ಹೊರತೆಗೆದು, ಬೇರುಂಡೆಯ ಸುತ್ತಲೂ ಅಡಿಯಲ್ಲೂ ಎರಡು ಇಂಚಿನಷ್ಟು ಕತ್ತಿಯಲ್ಲಿ ತರಿದು, ಹೊಸ ಮಣ್ಣು ತುಂಬಿ ಅದೇ ಚಟ್ಟಿಗೆ ಹಾಕಿ. ಆ ಸಲ ಒಂದು ವಾರ ನೆರಳಲ್ಲಿಟ್ಟು ಆಮೇಲೆ ಬಿಸಿಲಿಗೆ.

ಚಳಿ ದೇಶದಲ್ಲಿರುವ ನಮ್ಮವರಿಗೆ

ನಮ್ಮಲ್ಲಿ ಮನೆಗೊಬ್ಬರು ಹೊರದೇಶದಲ್ಲಿದ್ದಾರೆ. ಟೊರೊಂಟೊದಲ್ಲೋ ಲಂಡನ್ನಿನಲ್ಲೋ ಇದ್ದುಕೊಂಡು ಬೆಳೆಸಬೇಕೆನ್ನುವವರಿಗೆ ಚಟ್ಟಿ, ಮಣ್ಣು, ಚಿವುಟುವುದು ಎಲ್ಲ ಇದೇ ರೀತಿ. ಜಾತಿ ಮಾತ್ರ ಬೇಗ ಹಣ್ಣಾಗುವಂಥದ್ದು, ಚಳಿ ತಡೆಯುವಂಥದ್ದು ಬೇಕು. ಶಿಕಾಗೊ ಹಾರ್ಡಿ ಒಳ್ಳೆಯ ಆಯ್ಕೆ. ಅದರ ಗೆಲ್ಲೆಲ್ಲ ಚಳಿಗೆ ಸತ್ತರೂ ಬೇರು ಬದುಕಿದ್ದರೆ ಮತ್ತೆ ಚಿಗುರಿ ಅದೇ ವರ್ಷ ಕಾಯಿ ಬಿಡಬಲ್ಲದು.

ಎಲೆ ಉದುರಿದ ಮೇಲೆ, ಕಡುಚಳಿ ಶುರುವಾಗುವ ಮೊದಲು ಚಟ್ಟಿಯನ್ನು ಬಿಸಿ ಮಾಡದ ಗ್ಯಾರೇಜಿಗೆ ಒಯ್ಯಿರಿ. ಮೈನಸ್ 2ರಿಂದ 7 ಡಿಗ್ರಿಯ ನಡುವೆ ಇದ್ದರೆ ಚೆನ್ನಾಗಿ ಮಲಗುತ್ತದೆ. ಎಲೆಯಿಲ್ಲದ ಗಿಡಕ್ಕೆ ಬೆಳಕು ಬೇಡ. ತಿಂಗಳಿಗೊಮ್ಮೆ ಒಂದು ಲೋಟ ನೀರು ಸಾಕು. ಬೆಚ್ಚಗಿನ ಹಾಲ್‌ನಲ್ಲಿ ಇಟ್ಟರೆ ನಡು ಚಳಿಗಾಲದಲ್ಲೇ ಚಿಗುರಿ, ಬೆಳಕು ಸಾಲದೆ ಬಿಳಿಚಿಕೊಂಡು ಸೊರಗುತ್ತದೆ. ಕೊನೆಯ ಹಿಮ ಬಿದ್ದು ಮುಗಿದ ಮೇಲೆ ಹೊರಗೆ ತನ್ನಿ. ಮೊದಲ ಒಂದು ವಾರ ನೆರಳು, ಆಮೇಲೆ ಬೆಳಗಿನ ಬಿಸಿಲು, ಆಮೇಲೆ ಪೂರ್ತಿ ಬಿಸಿಲು. ಚಟ್ಟಿಯನ್ನು ದಕ್ಷಿಣಕ್ಕೆ ಮುಖ ಮಾಡಿದ ಗೋಡೆಗೆ ಒತ್ತಿ ಇಡಿ. ಹಗಲು ಕಾದ ಗೋಡೆ ರಾತ್ರಿಯೂ ಬಿಸಿ ಬಿಡುತ್ತದೆ, ಬೇಸಿಗೆ ಚಿಕ್ಕದಾದ ಆ ಊರುಗಳಲ್ಲಿ ಹಣ್ಣು ಮಾಗಲು ಆ ಬಿಸಿ ಬೇಕು. ಸೆಪ್ಟೆಂಬರ್ ಶುರುವಿಗೂ ಬಟಾಣಿ ಗಾತ್ರದಲ್ಲೇ ಇರುವ ಕಾಯಿಗಳು ಆ ವರ್ಷ ಹಣ್ಣಾಗುವುದಿಲ್ಲ, ಅವನ್ನು ಚಿವುಟಿ ತೆಗೆದರೆ ಉಳಿದ ದೊಡ್ಡ ಕಾಯಿಗಳು ಬೇಗ ಮಾಗುತ್ತವೆ.